ಐದನೆಯ ಗಾಲಿಯ ಸರದಿ



ಕಾರಿಗೆ ಎಷ್ಟು ಗಾಲಿಗಳು? ಒಂದನೆಯ ತರಗತಿಯ ಮಗುವನ್ನು ಕೇಳಿದರೂ ನಾಲ್ಕು ಎಂಬ ಉತ್ತರ ಬರುತ್ತದೆ. ಆದರೆ ದೂರದ ಹಾದಿಯಲ್ಲಿ ಗಾಡಿ ಓಡಿಸಿ ಬದುಕುವ ಚಾಲಕರನ್ನು ಕೇಳಿ ನೋಡಿ. ಅವರಲ್ಲಿ ಬಲ್ಲವರು ಐದು ಎನ್ನುತ್ತಾರೆ. ನಾಲ್ಕು ಓಡುವ ಗಾಲಿಗಳು, ಒಂದು ಮಲಗಿರುವ ಗಾಲಿ. ಹಿಂದುಗಡೆ ಡಿಕ್ಕಿಯಲ್ಲೋ, ಗಾಡಿಯ ಹೊಟ್ಟೆಯ ಕೆಳಗೋ ಮಲಗಿರುವ ಆ ಐದನೆಯ ಗಾಲಿಯ ಬಗ್ಗೆ ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಈ ವಿಷಯ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ರಸ್ತೆಯ ಬದಿಯಲ್ಲಿ. ಕೆಲವು ವರ್ಷಗಳ ಹಿಂದೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಹಕ್ಕಿಗಳನ್ನು ಚಿತ್ರೀಕರಿಸಲು ನಮ್ಮ ತಂಡ ಯಾದಗಿರಿಯಿಂದ ನಸುಕಿನಲ್ಲೇ ಹೊರಟಿತ್ತು. ಭೀಮಾ ನದಿಯ ಸೇತುವೆ ದಾಟಿದೆವು. ಶಹಾಪುರದಲ್ಲಿ ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುವ ಜಾಗವನ್ನು ಕತ್ತಲಲ್ಲೇ ಹಾದೆವು. ನಮ್ಮದು ಬಾಡಿಗೆಯ ಹೊಸ ಗಾಡಿ. ಚಾಲಕರ ಮುಂದಿನ ಫಲಕದಲ್ಲಿ ನಾಲ್ಕು ಗಾಲಿಗಳ ಚಿತ್ರ, ಪ್ರತಿಯೊಂದರ ಪಕ್ಕದಲ್ಲಿ 33 ಎಂಬ ಅಂಕೆ. ಟೈರಿನೊಳಗಿನ ಗಾಳಿಯ ಒತ್ತಡವನ್ನು ತೋರಿಸುವ ಸಂವೇದಕಗಳು ಆ ಗಾಡಿಯಲ್ಲಿದ್ದವು. ಶಹಾಪುರ ದಾಟಿ ಕೆಲವು ಮೈಲಿ ಹೋಗುವಷ್ಟರಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಹಿಂದಿನ ಎಡಗಾಲಿಯ ಅಂಕೆ 24ಕ್ಕೆ ಇಳಿದಿತ್ತು; ನೋಡುತ್ತಿದ್ದಂತೆ 21 ಆಯಿತು. ಚಾಲಕರು ನಿಧಾನವಾಗಿ ಬದಿಗೆ ನಿಲ್ಲಿಸಿದರು. ಟೈರಿಗೆ ಮೊಳೆ ಚುಚ್ಚಿತ್ತು. ಸಂವೇದಕ ಇಲ್ಲದಿದ್ದರೆ ಟೈರು ಪೂರ್ತಿ ಚಪ್ಪಟೆಯಾಗಿ ಗಾಡಿ ಎಳೆಯುವವರೆಗೂ ನಮಗೆ ಗೊತ್ತಾಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ಅದು ನಮ್ಮನ್ನು ಕಾಪಾಡಿತು.

ಜಾಕ್ ಏರಿಸಿ, ಪಾನಾದಿಂದ ನಟ್ಟುಗಳನ್ನು ಬಿಚ್ಚಿ, ಸ್ಟೆಪ್ನಿಯನ್ನು ಹೊರಗೆ ತೆಗೆದೆವು. ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಿತ್ತು! ಆ ಗಾಲಿಯ ಅಂಕೆಯನ್ನು ಫಲಕ ತೋರಿಸುವುದೇ ಇಲ್ಲ. ಕ್ಯಾಮೆರಾದ ಬ್ಯಾಟರಿಯಿಂದ ಹಿಡಿದು ಕುಡಿಯುವ ನೀರಿನವರೆಗೆ ಎಲ್ಲವನ್ನೂ ಪರೀಕ್ಷಿಸಲು ನಮ್ಮ ಬಳಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ತಯಾರಿಸಿದ್ದು ನಾನೇ. ಅದರಲ್ಲಿ ಸ್ಟೆಪ್ನಿ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಅನಿಲಗಳ ನಿಯಮಗಳನ್ನು ಓದಿ ಅಂಕ ಗಳಿಸಿದ ನನಗೆ, ಮಲಗಿರುವ ಗಾಲಿಯಿಂದಲೂ ಗಾಳಿ ಸೋರುತ್ತದೆ ಎಂಬುದು ಆ ದಿನ ನೆನಪಾಗಲಿಲ್ಲ.

ಅಷ್ಟು ಹೊತ್ತಿಗೆ ಜನ ತುಂಬಿದ ಕ್ರೂಸರ್ ಒಂದು ನಮ್ಮ ಹಿಂದೆ ಬಂದು ನಿಂತಿತು. ಈ ಭಾಗದಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಆ ಗಾಡಿಯಲ್ಲಿದ್ದವರೂ ಹಾಗೆ ಹೊರಟವರೇ. ಗಂಟುಮೂಟೆ, ಪಾತ್ರೆ, ನಿದ್ದೆಯಲ್ಲಿದ್ದ ಮಕ್ಕಳು. ನಮ್ಮ ಸಹಾಯಕ ಆತುರದಲ್ಲಿ ಆ ಚಾಲಕರ ಸ್ಟೆಪ್ನಿಯನ್ನೇ ಎರವಲು ಕೇಳಿಬಿಟ್ಟ. ಅವರು ನಕ್ಕು, "ನಿಮ್ಮ ಗಾಡಿಗಿ ಅದು ಕೂಡಂಗಿಲ್ರಿ ಸರ್. ಕೂಡತಿದ್ರೂ ಕೊಡ್ತಿರಲಿಲ್ಲ. ಒಳಗ ಹನ್ನೆರಡ ಮಂದಿ ಅದಾರ" ಎಂದರು. ಬಳಿಕ ನಮ್ಮ ಚುಚ್ಚಿದ ಟೈರನ್ನೂ ಸಹಾಯಕನನ್ನೂ ಹತ್ತಿಸಿಕೊಂಡು ಸುರಪುರದ ಪಂಚರ್ ಅಂಗಡಿಗೆ ಬಿಡಲು ಒಪ್ಪಿದರು. ಹೊರಡುವ ಮುನ್ನ ಅವರ ಗಾಡಿಯ ಗಾಲಿಗಳ ಮೇಲೆ ನನ್ನ ಕಣ್ಣು ಬಿತ್ತು. ಪ್ರತಿಯೊಂದು ಟೈರಿನ ಬದಿಯಲ್ಲಿ ಬಿಳಿ ಬಣ್ಣದಿಂದ ಒಂದೊಂದು ಅಂಕೆ ಬರೆದಿತ್ತು. ಹಿಂದೆ ಇದ್ದ ಸ್ಟೆಪ್ನಿಯ ಮೇಲೆ 3 ಎಂದಿತ್ತು. ಏಕೆಂದು ಕೇಳಿದೆ. "ನಿಮ್ಮ ಗಾಡಿಗಿ ಗಾಲಿ ನಾಕ್ ಅದಾವ್ರಿ. ನಮ್ದಕ್ಕ ಐದು. ಎಲ್ಲಾನೂ ಪಾಳಿ ಮ್ಯಾಲ ದುಡೀತಾವ" ಎಂದು ಹೇಳಿ ಹೊರಟುಹೋದರು.

ನಮ್ಮ ಟೈರು ಸರಿಯಾಗಿ ಬರುವ ಹೊತ್ತಿಗೆ ಬಿಸಿಲು ಏರಿತ್ತು, ಹಕ್ಕಿಗಳ ಮುಂಜಾವು ಮುಗಿದಿತ್ತು. ನಮಗೆ ಹೋದದ್ದು ಒಂದು ಮುಂಜಾನೆ ಮಾತ್ರ. ಅದೇ ಅಚಾತುರ್ಯ ನಡುರಾತ್ರಿಯಲ್ಲಿ ಹನ್ನೆರಡು ಜನರಿರುವ ಗಾಡಿಗೆ, ಆಸ್ಪತ್ರೆಗೆ ಹೊರಟ ಗಾಡಿಗೆ ಆಗಿದ್ದರೆ? ಕಾಯುತ್ತ ಕುಳಿತ ಆ ಮೂರು ಗಂಟೆಗಳಲ್ಲಿ ನಾನು ಚಾಲಕರ ಮಾತಿನ ಲೆಕ್ಕವನ್ನು ಟಿಪ್ಪಣಿ ಪುಸ್ತಕದಲ್ಲಿ ಬಿಡಿಸಿ ನೋಡಿದೆ. ತೆರೆಯ ಮೇಲೆ ಚಿತ್ರ ಬಂದು ಹೋಗುತ್ತದೆ. ಈ ಪುಟದ ಮುಂದೆ ನೀವು ಪೆನ್ಸಿಲ್ ಹಿಡಿದು ಕೂಡಬಹುದು. ಬನ್ನಿ, ಒಟ್ಟಿಗೆ ನೋಡೋಣ.

ಮೊದಲು 'ಸ್ಟೆಪ್ನಿ' ಎಂಬ ಪದ. ಇದು ಕನ್ನಡದ ಪದವೆಂದೇ ಅನ್ನಿಸುವಷ್ಟು ನಮ್ಮದಾಗಿದೆ. ಆದರೆ ಇದರ ತವರು ಬ್ರಿಟನ್ನಿನ ವೇಲ್ಸ್ ಪ್ರಾಂತ. ಮೋಟಾರುಗಳ ಆರಂಭದ ದಿನಗಳಲ್ಲಿ ಗಾಡಿಯ ಜೊತೆಗೆ ಬಿಡಿ ಗಾಲಿ ಬರುತ್ತಿರಲಿಲ್ಲ. ಟೈರು ಒಡೆದರೆ ರಸ್ತೆಯಲ್ಲೇ ಕುಳಿತು ದುರಸ್ತಿ ಮಾಡಬೇಕಿತ್ತು. 1904ರಲ್ಲಿ ವೇಲ್ಸಿನ ಲನೆಲ್ಲಿ ಎಂಬ ಪಟ್ಟಣದ ಡೇವಿಸ್ ಸೋದರರು, ಗಾಳಿ ತುಂಬಿದ ಟೈರು ಕೂರಿಸಿದ, ಅರಗಳಿಲ್ಲದ ಒಂದು ಲೋಹದ ಬಳೆಯನ್ನು ರೂಪಿಸಿದರು. ಅದನ್ನು ಕೆಟ್ಟ ಗಾಲಿಯ ಪಕ್ಕಕ್ಕೆ ಬಿಗಿದು ಊರು ಸೇರಬಹುದಾಗಿತ್ತು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಗಾಲಿಗೆ ಬಂತು. ಆ ಸಾಧನ ಮರೆಯಾಗಿ ಹೋದರೂ ಹೆಸರು ಮಾತ್ರ ನಮ್ಮ ದೇಶದ ಪಂಚರ್ ಅಂಗಡಿಗಳಲ್ಲಿ ಇಂದಿಗೂ ಉಳಿದಿದೆ.

ಈಗ ಪಾಳಿಯ ವಿಷಯ. ಗಾಡಿಯ ನಾಲ್ಕು ಟೈರುಗಳು ಒಂದೇ ಸಮನಾಗಿ ಸವೆಯುವುದಿಲ್ಲ. ಮುಂದಿನ ಗಾಲಿಗಳಿಂದ ಎಳೆಸಿಕೊಳ್ಳುವ ಕಾರುಗಳಲ್ಲಿ ಎಂಜಿನ್ನಿನ ಭಾರ, ಎಳೆಯುವ ಕೆಲಸ, ತಿರುಗಿಸುವ ಕೆಲಸ ಮೂರೂ ಮುಂದಿನ ಜೋಡಿಯ ಮೇಲೆ ಬೀಳುತ್ತವೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದಲ್ಲೂ ಹೆಚ್ಚಿನ ಪಾಲು ಅವುಗಳದೇ. ಆದ್ದರಿಂದ ಮುಂದಿನವು ಬೇಗ ಬೋಳಾಗುತ್ತವೆ. ಆಗಾಗ ಗಾಲಿಗಳ ಜಾಗ ಬದಲಿಸಿದರೆ ಸವೆತ ಎಲ್ಲಕ್ಕೂ ಹಂಚಿಹೋಗುತ್ತದೆ. ನೀವು ವಾಲಿಬಾಲ್ ಆಡಿದ್ದರೆ ಇದು ತಕ್ಷಣ ತಿಳಿಯುತ್ತದೆ. ಅಲ್ಲಿ ಒಬ್ಬನೇ ಸದಾ ಬಲೆಯ ಹತ್ತಿರ ನಿಲ್ಲುವಂತಿಲ್ಲ. ಎಲ್ಲರೂ ಸರದಿಯಂತೆ ಸುತ್ತುತ್ತಾರೆ.

ಹೆಚ್ಚಿನವರು ನಾಲ್ಕು ಗಾಲಿಗಳನ್ನಷ್ಟೇ ಸುತ್ತಿಸುತ್ತಾರೆ. ಐದನೆಯದು ಬೆಂಚಿನ ಮೇಲೆ ಕುಳಿತೇ ಇರುತ್ತದೆ. ಅದನ್ನೂ ಸರದಿಗೆ ಸೇರಿಸಿದರೆ ಏನಾಗುತ್ತದೆ? ಒಂದು ಟೈರು 40,000 ಕಿಲೋಮೀಟರ್ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಐದು ಟೈರುಗಳ ಒಟ್ಟು ದುಡಿಮೆ 2,00,000 ಕಿಲೋಮೀಟರ್. ಗಾಡಿ ಒಂದು ಕಿಲೋಮೀಟರ್ ಓಡಿದರೆ ನಾಲ್ಕು ಟೈರು-ಕಿಲೋಮೀಟರ್ ಖರ್ಚಾಗುತ್ತದೆ. 2,00,000ವನ್ನು 4ರಿಂದ ಭಾಗಿಸಿದರೆ 50,000. ಅಂದರೆ ಗಾಡಿ 50,000 ಕಿಲೋಮೀಟರ್ ಓಡುತ್ತದೆ. ಪ್ರತಿ ಟೈರೂ ಅದರಲ್ಲಿ 40,000 ಓಡಿ, 10,000 ವಿಶ್ರಾಂತಿ ಪಡೆದಿರುತ್ತದೆ. ಕಾಲು ಪಟ್ಟು ಹೆಚ್ಚು ದೂರ! ಬಾಡಿಗೆ ಗಾಡಿಯನ್ನೇ ನಂಬಿದ ಮನೆಗೆ ಇದು ಸಣ್ಣ ಉಳಿತಾಯವಲ್ಲ. ಕೊನೆಯಲ್ಲಿ ಐದನ್ನೂ ಒಟ್ಟಿಗೆ ಕೊಳ್ಳಬೇಕಾಗುತ್ತದೆ ಎಂಬುದೂ ನಿಜ. ಆ ದಿನಕ್ಕೆ ದುಡ್ಡು ಕೂಡಿಡಬೇಕು.

ಸರದಿಯ ದಾರಿ ಹೇಗೆ? ಕಾಗದದ ಮೇಲೆ ಐದು ವೃತ್ತಗಳನ್ನು ಬರೆಯಿರಿ: ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ, ಅವುಗಳ ಕೆಳಗೆ ಸ್ಟೆಪ್ನಿ. ಮುಂದಿನ ಗಾಲಿಗಳಿಂದ ಎಳೆಸಿಕೊಳ್ಳುವ ಕಾರಿನಲ್ಲಿ ಸಾಮಾನ್ಯವಾದ ದಾರಿ ಹೀಗಿದೆ. ಸ್ಟೆಪ್ನಿ ಹಿಂದಿನ ಬಲಕ್ಕೆ ಹೋಗಲಿ. ಹಿಂದಿನ ಬಲದ್ದು ಅಡ್ಡಹಾಯ್ದು ಮುಂದಿನ ಎಡಕ್ಕೆ. ಮುಂದಿನ ಎಡದ್ದು ನೇರವಾಗಿ ಹಿಂದಿನ ಎಡಕ್ಕೆ. ಹಿಂದಿನ ಎಡದ್ದು ಅಡ್ಡಹಾಯ್ದು ಮುಂದಿನ ಬಲಕ್ಕೆ. ಮುಂದಿನ ಬಲದ್ದು ಸ್ಟೆಪ್ನಿಯ ಜಾಗಕ್ಕೆ. ಬಾಣದ ಗುರುತು ಹಾಕುತ್ತ ಬನ್ನಿ; ಐದು ಸಲ ಬದಲಾವಣೆಯಾದ ಮೇಲೆ ಪ್ರತಿ ಗಾಲಿಯೂ ಎಲ್ಲ ಜಾಗಗಳನ್ನೂ ನೋಡಿ ಮೊದಲಿನ ಜಾಗಕ್ಕೆ ಮರಳಿರುತ್ತದೆ. ಹಿಂದಿನ ಗಾಲಿಗಳಿಂದ ತಳ್ಳಿಸಿಕೊಳ್ಳುವ ಗಾಡಿಗಳಲ್ಲಿ ದಾರಿ ಇದಕ್ಕೆ ತಿರುಗುಮುರುಗು. ಅಲ್ಲಿ ಹಿಂದಿನವು ನೇರವಾಗಿ ಮುಂದಕ್ಕೆ ಬರುತ್ತವೆ. ಮುಂದಿನ ಬಲದ್ದು ಅಡ್ಡಹಾಯ್ದು ಹಿಂದಿನ ಎಡಕ್ಕೆ ಹೋಗುತ್ತದೆ, ಮುಂದಿನ ಎಡದ್ದು ಸ್ಟೆಪ್ನಿಯಾಗುತ್ತದೆ, ಸ್ಟೆಪ್ನಿ ಹಿಂದಿನ ಬಲಕ್ಕೆ ಬರುತ್ತದೆ. ಸುಮಾರು 8,000ದಿಂದ 10,000 ಕಿಲೋಮೀಟರಿಗೆ ಒಮ್ಮೆ ಇದನ್ನು ಮಾಡುವುದು ವಾಡಿಕೆ. ಗಾಡಿಯ ಜೊತೆಗೆ ಬಂದ ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು.

ಎಲ್ಲ ಸ್ಟೆಪ್ನಿಗಳೂ ಈ ಸರದಿಗೆ ಅರ್ಹವಲ್ಲ ಎಂಬುದನ್ನೂ ಗಮನಿಸಬೇಕು. ಈಗಿನ ಹಲವು ಕಾರುಗಳಲ್ಲಿ ಜಾಗ ಉಳಿಸಲೆಂದು ಅಳತೆಯಲ್ಲಿ ಚಿಕ್ಕದಾದ ಸ್ಟೆಪ್ನಿ ಕೊಡುತ್ತಾರೆ. ಅದರ ಮೇಲೆ ವೇಗದ ಮಿತಿ, ಬಹಳಷ್ಟು ಗಾಡಿಗಳಲ್ಲಿ ಗಂಟೆಗೆ 80 ಕಿಲೋಮೀಟರ್, ಎಂದು ಬರೆದಿರುತ್ತದೆ. ಅದು ಪಂಚರ್ ಅಂಗಡಿಯವರೆಗೆ ಸಾಗಿಸುವ ಊರುಗೋಲು ಮಾತ್ರ, ಸರದಿಗೆ ಸೇರಿಸಬಾರದು. ಒಂದೇ ದಿಕ್ಕಿಗೆ ತಿರುಗಬೇಕೆಂದು ಬದಿಯಲ್ಲಿ ಬಾಣದ ಗುರುತಿರುವ ಟೈರುಗಳನ್ನು ಎಡದಿಂದ ಬಲಕ್ಕೆ ಹಾಕುವಂತಿಲ್ಲ. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆಯ ಟೈರಿರುವ ಗಾಡಿಗಳಲ್ಲೂ ಈ ದಾರಿ ನಡೆಯದು. ಇನ್ನು ನಿಮ್ಮ ಮನೆಯ ಮೋಟಾರ್ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಟೈರುಗಳ ಆಕಾರವೇ ಬೇರೆ. ಅವನ್ನು ಅದಲುಬದಲು ಮಾಡುವ ಮಾತೇ ಇಲ್ಲ. ನಾಲ್ಕರ ಅಳತೆಯದೇ ಆದ ಪೂರ್ಣ ಗಾತ್ರದ ಸ್ಟೆಪ್ನಿ ಇದ್ದರೆ ಮಾತ್ರ ಐದರ ಪಾಳಿ.

ಈಗ ನಮ್ಮ ಗಾಡಿಯ ಫಲಕದಲ್ಲಿ ಅಂಕೆ ತೋರಿಸಿದ ಸಂವೇದಕಗಳ ಬಗ್ಗೆ ತಿಳಿಯೋಣ. ಅಮೆರಿಕದಲ್ಲಿ ಒಂದು ಬಗೆಯ ಟೈರುಗಳ ಮೇಲ್ಪದರ ಓಡುವಾಗಲೇ ಕಳಚಿ, ಗಾಡಿಗಳು ಮಗುಚಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದಲ್ಲಿ ಅಲ್ಲಿ ಈ ಕುರಿತು ಕಾನೂನೇ ಬಂತು. ಅದರ ಫಲವಾಗಿ, ಟೈರಿನ ಒತ್ತಡ ನಿಗದಿಗಿಂತ ಶೇಕಡ 25ರಷ್ಟು ಇಳಿದರೆ ಚಾಲಕನನ್ನು ಎಚ್ಚರಿಸುವ ಸಾಧನ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಯುರೋಪಿನಲ್ಲೂ 2014ರ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೆ ಅದು ಬಂತು. ನಮ್ಮ ದೇಶದಲ್ಲಿ 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಟ್ಯೂಬಿಲ್ಲದ ಟೈರು, ಒತ್ತಡದ ಸಂವೇದಕ, ಪಂಚರ್ ದುರಸ್ತಿಯ ಸಾಮಗ್ರಿ ಇರುವ ಕಾರುಗಳು ಸ್ಟೆಪ್ನಿ ಇಲ್ಲದೆಯೂ ಮಾರಾಟವಾಗಬಹುದು. ದೊಡ್ಡ ನಗರದಲ್ಲಿ ಅದು ಸಾಕಾಗಬಹುದು. ಆದರೆ ಕಲ್ಲು ತಾಗಿ ಟೈರಿನ ಬದಿ ಹರಿದರೆ ದುರಸ್ತಿಯ ಅಂಟು ಅದನ್ನು ಮುಚ್ಚಲಾರದು. ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೇಲೆ ಲಿಂಗಸುಗೂರಿನ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳಗಿನ ಹಳ್ಳಿಯ ದಾರಿ ಹಿಡಿಯುವವರಿಗೆ ಐದನೆಯ ಗಾಲಿಯೇ ಧೈರ್ಯ.

ಸಂವೇದಕಗಳಲ್ಲಿ ಎರಡು ಬಗೆ. ಮೊದಲನೆಯದು ನೇರವಾಗಿ ಅಳೆಯುವಂಥದು. ಗಾಲಿಯೊಳಗೆ, ಹವಾ ಹಾಕುವ ವಾಲ್ವಿನ ಬುಡದಲ್ಲಿ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಸಾಧನ ಕೂತಿರುತ್ತದೆ. ಅದರೊಳಗೆ ಸಿಲಿಕಾನಿನ ತೆಳುವಾದ ಪೊರೆ ಇದೆ. ಗಾಳಿ ಒತ್ತಿದಷ್ಟೂ ಪೊರೆ ಬಾಗುತ್ತದೆ. ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಂಕೆಯಾಗಿ, ಪುಟ್ಟ ರೇಡಿಯೋ ತರಂಗದ ಮೂಲಕ ಫಲಕವನ್ನು ಸೇರುತ್ತದೆ. ಪ್ರತಿ ಸಂವೇದಕಕ್ಕೂ ತನ್ನದೇ ಗುರುತಿನ ಸಂಖ್ಯೆ ಇರುತ್ತದೆ, ನಿಮ್ಮ ಹಾಜರಿ ಪುಸ್ತಕದ ಕ್ರಮಸಂಖ್ಯೆಯ ಹಾಗೆ. ಒಳಗಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಬ್ಯಾಟರಿ ಉಳಿಸಲೆಂದು, ಗಾಲಿ ತಿರುಗದಿದ್ದಾಗ ಹೆಚ್ಚಿನ ಸಂವೇದಕಗಳು ನಿದ್ದೆ ಹೋಗುತ್ತವೆ.

ಎರಡನೆಯ ಬಗೆ ಗಾಳಿಯನ್ನು ಅಳೆಯುವುದೇ ಇಲ್ಲ, ಸುತ್ತುಗಳನ್ನು ಎಣಿಸುತ್ತದೆ. ಬ್ರೇಕ್ ಹಾಕಿದಾಗ ಗಾಲಿ ಜಾರದಂತೆ ತಡೆಯುವ ವ್ಯವಸ್ಥೆಗಾಗಿ ಪ್ರತಿ ಗಾಲಿಯ ಬಳಿ ವೇಗ ಅಳೆಯುವ ಸಾಧನ ಹೇಗೂ ಇರುತ್ತದೆ. ಅದರ ಲೆಕ್ಕವನ್ನೇ ಇಲ್ಲಿ ಬಳಸಿಕೊಳ್ಳುತ್ತಾರೆ. ಗಾಲಿಯ ತ್ರಿಜ್ಯ 30 ಸೆಂಟಿಮೀಟರ್ ಎನ್ನಿ. ಪರಿಧಿ ಸುಮಾರು 1.885 ಮೀಟರ್, ಒಂದು ಕಿಲೋಮೀಟರಿಗೆ 530 ಸುತ್ತು. ಗಾಳಿ ಇಳಿದು ತ್ರಿಜ್ಯ ಒಂದೇ ಒಂದು ಮಿಲಿಮೀಟರ್ ಕಡಿಮೆಯಾದರೂ ಅದೇ ದೂರಕ್ಕೆ ಸುಮಾರು 532 ಸುತ್ತು ಬೇಕು. ಒಂದು ಗಾಲಿ ಉಳಿದವುಗಳಿಗಿಂತ ಹೀಗೆ ಹೆಚ್ಚು ಸುತ್ತುತ್ತಿದ್ದರೆ, ಅದರಲ್ಲಿ ಗಾಳಿ ಇಳಿದಿದೆ ಎಂದು ಯಂತ್ರ ಊಹಿಸಿ ದೀಪ ಹಚ್ಚುತ್ತದೆ.

ಇಲ್ಲಿ ಒಂದು ಸ್ವಾರಸ್ಯ ನೋಡಿ. ಹೊಸ ಟೈರಿನ ಮೇಲಿನ ರಬ್ಬರ್ ದಿಂಡುಗಳ ಎತ್ತರ 8 ಮಿಲಿಮೀಟರ್ ಎನ್ನೋಣ. ನಾಲ್ಕು ಟೈರುಗಳು ಸವೆದು 3 ಮಿಲಿಮೀಟರಿಗೆ ಬಂದಿವೆ. ಸ್ಟೆಪ್ನಿ ಮಾತ್ರ ಹೊಸದಾಗಿಯೇ ಉಳಿದಿದೆ. ತ್ರಿಜ್ಯದಲ್ಲಿ 5 ಮಿಲಿಮೀಟರ್ ವ್ಯತ್ಯಾಸ. ಅಂದರೆ ಕಿಲೋಮೀಟರಿಗೆ ಸುಮಾರು 9 ಸುತ್ತುಗಳ ವ್ಯತ್ಯಾಸ. ಅಂಥ ಸ್ಟೆಪ್ನಿ ಹಾಕಿದರೆ ಸುತ್ತು ಎಣಿಸುವ ಯಂತ್ರ ಗೊಂದಲಕ್ಕೆ ಬೀಳುತ್ತದೆ. ಎಳೆಯುವ ಜೋಡಿಗೆ ಹಾಕಿದ್ದಾದರೆ ಎಡಬಲಗಳ ವೇಗವನ್ನು ಹೊಂದಿಸುವ ಡಿಫರೆನ್ಷಿಯಲ್ಲಿನ ಹಲ್ಲುಗಳಿಗೂ ನೇರ ರಸ್ತೆಯಲ್ಲೇ ಬಿಡುವಿಲ್ಲದ ಕೆಲಸ. ನಾಲ್ಕು ಗಾಲಿಗಳಿಗೂ ಶಕ್ತಿ ಕೊಡುವ ಗಾಡಿಗಳಲ್ಲಿ ಇದು ಇನ್ನೂ ಹಾನಿಕರ. ಐದನ್ನೂ ಪಾಳಿಯಲ್ಲಿ ದುಡಿಸಿದ್ದರೆ ಐದರ ತ್ರಿಜ್ಯವೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಯಾವುದು ಯಾವ ಜಾಗಕ್ಕೆ ಬಂದರೂ ಗಾಡಿಗೆ ಅಪರಿಚಿತ ಎನ್ನಿಸುವುದಿಲ್ಲ. ಆ ಚಾಲಕರ ಬಿಳಿ ಅಂಕೆಗಳ ಹಿಂದಿನ ವಿಜ್ಞಾನ ಇದೇ.

ಪಾಳಿ ಬದಲಿಸಿದ ಮೇಲೆ ಸಂವೇದಕಗಳಿಗೂ ಅದನ್ನು ತಿಳಿಸಬೇಕು. ನೇರ ಬಗೆಯಲ್ಲಿ ಗುರುತಿನ ಸಂಖ್ಯೆಗಳು ಜಾಗ ಬದಲಿಸಿರುತ್ತವೆ. ಕೆಲವು ಗಾಡಿಗಳು ಸ್ವಲ್ಪ ದೂರ ಓಡಿದ ಮೇಲೆ ತಾವೇ ಕಲಿತುಕೊಳ್ಳುತ್ತವೆ. ಕೆಲವಕ್ಕೆ ಕಾರ್ಯಾಗಾರದಲ್ಲಿ ಕಲಿಸಬೇಕು. ಇಲ್ಲದಿದ್ದರೆ ಹಿಂದಿನ ಗಾಲಿಗೆ ಮೊಳೆ ಚುಚ್ಚಿದಾಗ ಮುಂದಿನ ಗಾಲಿಯ ಅಂಕೆ ಇಳಿಯುವ ತಮಾಷೆ ನಡೆಯುತ್ತದೆ. ಸುತ್ತು ಎಣಿಸುವ ಬಗೆಯಲ್ಲಿ ಎಲ್ಲ ಟೈರುಗಳಿಗೂ ಸರಿಯಾಗಿ ಹವಾ ಹಾಕಿ, ಮರುಹೊಂದಿಸುವ ಗುಂಡಿ ಒತ್ತಬೇಕು. ಇನ್ನು ಬಹಳಷ್ಟು ಗಾಡಿಗಳ ಸ್ಟೆಪ್ನಿಯಲ್ಲಿ ಸಂವೇದಕವೇ ಇರುವುದಿಲ್ಲ. ಅದನ್ನು ಹಾಕಿ ಓಡಿಸಿದರೆ ದೀಪ ಒಂದು ನಿಮಿಷದಷ್ಟು ಮಿಣುಕಿ, ಬಳಿಕ ಉರಿಯುತ್ತಲೇ ನಿಲ್ಲುತ್ತದೆ. 'ಒಂದು ಗಾಲಿಯ ಸುದ್ದಿ ನನಗೆ ಬರುತ್ತಿಲ್ಲ' ಎಂದು ಅದರ ಅರ್ಥ. ಐದನ್ನೂ ಪಾಳಿಗೆ ಹಾಕುವವರು ಐದನೆಯದಕ್ಕೂ ಸಂವೇದಕ ಕೂರಿಸಿಕೊಂಡರೆ ಒಳ್ಳೆಯದು.

ಗಾಲಿಗೂ ಗಾಳಿಗೂ ಒಂದೇ ಅಕ್ಷರದ ಅಂತರ. ಗಾಡಿಯ ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 33 ಪೌಂಡ್ ಹವಾ ಎಂದರೆ ಪ್ರತಿ ಚದರ ಅಂಗುಲದ ಮೇಲೆ 33 ಪೌಂಡ್ ಬಲ. 1,200 ಕಿಲೋ ತೂಕದ ಕಾರಿನ ಒಂದೊಂದು ಗಾಲಿಯ ಪಾಲಿಗೆ 300 ಕಿಲೋ, ಅಂದರೆ ಸುಮಾರು 660 ಪೌಂಡ್. 33ರಿಂದ ಭಾಗಿಸಿ: 20 ಚದರ ಅಂಗುಲ. ನಿಮ್ಮ ಒಂದು ಅಂಗೈಯಷ್ಟು ಜಾಗ. ಇಡೀ ಸಂಸಾರವನ್ನು ಹೊತ್ತ ಗಾಡಿ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಇಂಥ ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ!

ಯಾದಗಿರಿ ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತು. ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. 'ಬ್ಯಾಸಗಿ ಐತಿ, ಹವಾ ಕಡಿಮಿ ಹಾಕ್ರಿ, ಇಲ್ಲಂದ್ರ ಟೈರ್ ಒಡೀತದ' ಎಂಬ ಮಾತನ್ನು ಪಂಚರ್ ಅಂಗಡಿಗಳಲ್ಲಿ ಕೇಳುತ್ತೇವೆ. ಈ ನಂಬಿಕೆ ಅಪಾಯಕರ. ಏಕೆಂದು ಅನಿಲ ನಿಯಮದಿಂದಲೇ ನೋಡೋಣ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಮುಂಜಾನೆ 20 ಡಿಗ್ರಿಯಲ್ಲಿ 33 ಪೌಂಡ್ ಹಾಕಿದ್ದೀರಿ. ಮಾಪಕ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಆದ್ದರಿಂದ ವಾತಾವರಣದ 14.7 ಕೂಡಿಸಿದರೆ ನಿಜವಾದ ಒತ್ತಡ 47.7. ಉಷ್ಣತೆ 293 ಕೆಲ್ವಿನ್. ಓಡಿ ಓಡಿ ಟೈರಿನೊಳಗೆ 50 ಡಿಗ್ರಿ, ಅಂದರೆ 323 ಕೆಲ್ವಿನ್ ಆಯಿತು. 47.7ನ್ನು 323ರಿಂದ ಗುಣಿಸಿ 293ರಿಂದ ಭಾಗಿಸಿದರೆ 52.6. ಅದರಿಂದ 14.7 ಕಳೆದರೆ ಮಾಪಕ 38ರ ಹತ್ತಿರ ತೋರಿಸುತ್ತದೆ. ಐದು ಪೌಂಡ್ ಏರಿಕೆ! ಟೈರು ತಯಾರಿಸುವವರು ಈ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಅದರಿಂದ ಒಳ್ಳೆಯ ಟೈರು ಒಡೆಯುವುದಿಲ್ಲ.

ಈಗ ಹೆದರಿಕೊಂಡು ಬಿಸಿ ಟೈರಿನಿಂದಲೇ ಗಾಳಿ ಬಿಟ್ಟು 33ಕ್ಕೆ ಇಳಿಸಿದಿರಿ ಎನ್ನಿ. ಮರುದಿನ ಮುಂಜಾನೆ ಟೈರು ತಣ್ಣಗಾದಾಗ ಎಷ್ಟಿರುತ್ತದೆ? ಅದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ. ಸುಮಾರು 28.5 ಬರುತ್ತದೆ. ಗಾಳಿ ಕಡಿಮೆಯಾದ ಟೈರಿನ ಬದಿಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿಕೊಳ್ಳುತ್ತವೆ. ಒಂದು ತಂತಿಯನ್ನು ಹತ್ತು ಸಲ ಬಗ್ಗಿಸಿ ಬಗ್ಗಿಸಿ ಮುಟ್ಟಿದರೆ ಬಿಸಿಯಾಗಿರುವುದಿಲ್ಲವೇ, ಹಾಗೆಯೇ ರಬ್ಬರೂ ಬಿಸಿಯಾಗುತ್ತದೆ. ಮೇಲೆ ಹೊರಲಾರದಷ್ಟು ಜನ, ಕೆಳಗೆ ಕಾದ ಡಾಂಬರು, ನಡುವೆ ಒಳಗಿಂದಲೇ ಕಾಯುತ್ತಿರುವ ಟೈರು. ಪದರಗಳ ಬೆಸುಗೆ ಸಡಿಲಾಗಿ ಟೈರು ಸಿಡಿಯುವುದು ಬಹುತೇಕ ಹೀಗೆ. ಅದನ್ನು ಒಡೆಯುವುದು ಹೆಚ್ಚು ಹವಾ ಅಲ್ಲ, ಕಡಿಮೆ ಹವಾ.

ಇನ್ನೂ ಒಂದು ಮಾತು. 33ರ ಶೇಕಡ 25 ಕಳೆದರೆ 24.75. ಆ ಮಿತಿಯಿಟ್ಟ ಎಚ್ಚರಿಕೆಯ ದೀಪ ಅಲ್ಲಿಗೆ ಇಳಿದ ಮೇಲಷ್ಟೇ ಹೊತ್ತುತ್ತದೆ. 28.5ರಲ್ಲಿ ಟೈರು ಕಾಯುತ್ತಿದ್ದರೂ ದೀಪ ಸುಮ್ಮನಿರುತ್ತದೆ. ನಾಲ್ಕೂ ಗಾಲಿಗಳಲ್ಲಿ ಒಂದೇ ಸಮನೆ ಗಾಳಿ ಇಳಿದರೆ ಸುತ್ತು ಎಣಿಸುವ ಬಗೆಗೆ ಅದು ಸುಲಭವಾಗಿ ತಿಳಿಯುವುದೂ ಇಲ್ಲ. ದೀಪ ಹೊತ್ತಿಲ್ಲ ಎಂದರೆ ಎಲ್ಲವೂ ಸರಿಯಿದೆ ಎಂದು ಅರ್ಥವಲ್ಲ. ಕೆಡುಕು ಇನ್ನೂ ಮಿತಿ ಮೀರಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ವಿದ್ಯಾರ್ಥಿಗಳಾದ ನೀವು ಏನು ಮಾಡಬಹುದು? ಮನೆಯಲ್ಲಿ ಗಾಡಿ ಇದ್ದರೆ ತಿಂಗಳಿಗೊಮ್ಮೆ, ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರು ತಣ್ಣಗಿರುವಾಗ ಮಾಪಕ ಹಿಡಿದು ಐದರ ಒತ್ತಡವನ್ನೂ ಬರೆದಿಡಿ. ಸರಿಯಾದ ಅಂಕೆ ಚಾಲಕನ ಬಾಗಿಲಿನ ಕಂಬದ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ತೂತಿಲ್ಲದ ಟೈರಿನಿಂದಲೂ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು ಒಂದು ಪೌಂಡ್ ಗಾಳಿ ಸೋರುತ್ತದೆ. ವರ್ಷವಿಡೀ ಮುಟ್ಟದ ಸ್ಟೆಪ್ನಿಯ ಗತಿ ಏನೆಂದು ನೀವೇ ಊಹಿಸಿ. ಟೈರಿನ ಗಾಡಿಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ಹೊರಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿದಂತೆ. ಬದಿಯಲ್ಲಿ ನಾಲ್ಕು ಅಂಕೆಗಳ ಗುರುತು ಹುಡುಕಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಓಡದೆ ಮಲಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹತ್ತು ವರ್ಷದ 'ಹೊಸ' ಸ್ಟೆಪ್ನಿ ನಿಜವಾಗಿ ಮುದಿ ಸ್ಟೆಪ್ನಿ. ಗಾಲಿ ಬದಲಿಸುವ ಕೆಲಸವನ್ನು ಮಾತ್ರ ಹಿರಿಯರಿಗೆ, ತಿಳಿದವರಿಗೆ ಬಿಡಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬುದನ್ನು ನೆನಪಿಸುವ ಕೆಲಸ ನಿಮ್ಮದಾಗಲಿ.

ಮನೆಯಲ್ಲಿ ಗಾಡಿ ಇಲ್ಲದಿದ್ದರೂ ನೀವು ಶಾಲೆಗೋ ಕಾಲೇಜಿಗೋ ಜಾತ್ರೆಗೋ ಯಾವುದಾದರೂ ಗಾಡಿ ಹತ್ತುತ್ತೀರಿ. ಹತ್ತುವ ಮುನ್ನ ಚಾಲಕರನ್ನು, 'ಅಣ್ಣಾ, ಸ್ಟೆಪ್ನ್ಯಾಗ ಹವಾ ಐತೇನ್ರಿ?' ಎಂದು ವಿನಯದಿಂದ ಒಂದು ಮಾತು ಕೇಳಿ. ಯಾರೂ ಬೇಸರಪಡುವುದಿಲ್ಲ. ನಮ್ಮ ತಂಡದ ಪಟ್ಟಿಯಲ್ಲಿ ಈಗ ಆ ಸಾಲು ಎಲ್ಲಕ್ಕಿಂತ ಮೇಲೆ, ಬ್ಯಾಟರಿಗಿಂತಲೂ ಮೊದಲು ಇದೆ. ಮುಂದಿನ ಚಳಿಗಾಲದಲ್ಲಿ ಬೋನಾಳಕ್ಕೆ ಮತ್ತೆ ಹೋದೆವು. ಹೊರಡುವ ಮುನ್ನ ಐದೂ ಗಾಲಿಗಳಿಗೆ ಮಾಪಕ ಹಚ್ಚಿ ನೋಡಿದೆವು. ಸೂರ್ಯ ಮೂಡುವ ಹೊತ್ತಿಗೆ ಕೆರೆಯ ದಂಡೆಯಲ್ಲಿದ್ದೆವು.